ಮೈಯಿಲ್ಲದ ಪ್ರಿಂಟರ್

ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಸಾಕು, ನನಗೆ ಜೊಂಪು ಹತ್ತುತ್ತಿತ್ತು. ಪೂರ್ತಿ ನಿದ್ದೆಯಲ್ಲ ಅದು. ಭತ್ತದ ಗದ್ದೆ, ಕಾಲುವೆ ನೀರು, ಕಬ್ಬು, ಬಾಳೆತೋಟ, ಬಂಡೆ ಎಲ್ಲ ಒಂದರೊಳಗೊಂದು ಕಲಸಿಕೊಂಡು ಹಿಂದಕ್ಕೆ ಹರಿಯುತ್ತಿದ್ದವು. ಯಾರೋ ಟಿಕೆಟ್ ಕೇಳುತ್ತಿದ್ದರು, ಯಾರದೋ ಬುಟ್ಟಿಯಲ್ಲಿ ಕೋಳಿ ಗೊಣಗುತ್ತಿತ್ತು. ಅದೆಲ್ಲ ಬೇರೆ ಯಾವುದೋ ಬಸ್ಸಿನಲ್ಲಿ ನಡೆಯುತ್ತಿದೆ ಅನ್ನಿಸುತ್ತಿತ್ತು. ಊರು ಹತ್ತಿರ ಬಂದದ್ದು ಬಣ್ಣದಿಂದ ಗೊತ್ತಾಗುತ್ತಿತ್ತು. ರಸ್ತೆ ಬದಿಯ ಬೇವಿನ ಮರಗಳು ಕೆಂಪಗಾಗಿದ್ದರೆ ಹೊಸಪೇಟೆ ಬಂತೆಂದೇ ಅರ್ಥ. ಸಂಡೂರಿನ ಗುಡ್ಡಗಳನ್ನು ಲಾರಿಗಳು ಹೇರಿಕೊಂಡು ಹೋಗುತ್ತಿದ್ದ ವರ್ಷಗಳು ಅವು. ಅದಿರಿನ ಧೂಳು ಮರದ ಎಲೆ ಮೇಲೆ, ಇಡ್ಲಿ ಅಂಗಡಿಯ ಪರದೆ ಮೇಲೆ, ನಮ್ಮ ಹುಬ್ಬಿನ ಮೇಲೆ, ಎಲ್ಲೆಂದರಲ್ಲಿ ಕೂತಿರುತ್ತಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಸೋದರಮಾವನ ಅಂಗಡಿ. ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಯಾರಾದರೂ ತೀರಿಕೊಂಡರೆ ಅದರ ಕಾರ್ಡು. ಮೊದಲು ಅಲ್ಲಿ ಮಾವ ಮತ್ತು ಅತ್ತೆ ಇಬ್ಬರೇ ಕೆಲಸ ಮಾಡುತ್ತಿದ್ದರು. ಮಾವ ಕಂಪ್ಯೂಟರ್ ಮುಂದೆ, ಅತ್ತೆ ಕಾಗದ ಕತ್ತರಿಸುವ ಮಷೀನಿನ ಮುಂದೆ. ಅವರಿಗೆ ಮಕ್ಕಳಿರಲಿಲ್ಲ. ಹಿಂದಿನ ಕಾರ್ತಿಕದಲ್ಲಿ ಜ್ವರವೆಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ತಿಂಗಳು ಕಳೆದ ಮೇಲೆ ನಮ್ಮವ್ವ ನನಗೆ, "ನಿಮ್ಮ ಮಾವ ಅಂಗಡಿ ತೆಗಿಯಾಕ ಹೋಗ್ತಾನ, ತೆಗದು ಸುಮ್ಮನ ಕುಂದ್ರತಾನಂತ. ನೀನರ ಹೋಗು" ಅಂದಳು. ಡಿಗ್ರಿ ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನಾನು ಹೋದೆ.

ಮಾವ ಅತ್ತಿರಲಿಲ್ಲ. ಅದೇ ಎಲ್ಲರಿಗೂ ಚಿಂತೆಯಾಗಿತ್ತು. ಮಣ್ಣು ಮಾಡಿದ ದಿನವೂ ಬಂದವರಿಗೆ ಕುರ್ಚಿ ಹಾಕುತ್ತಾ, ಚಹಾ ಬಂತೇನು ಎಂದು ಕೇಳುತ್ತಾ ಓಡಾಡಿದ್ದರಂತೆ. ಅಂಗಡಿಯಲ್ಲೂ ಹಾಗೆಯೇ. ಗಿರಾಕಿಗಳ ಜೊತೆ ನಗುತ್ತಿದ್ದರು, ನನ್ನನ್ನು ರೇಗಿಸುತ್ತಿದ್ದರು. ಅತ್ತೆಯ ಮಾತು ಬಂದರೆ ಮಾತ್ರ ಎದ್ದು ಹೋಗಿ ಪ್ರಿಂಟರಿನ ಧೂಳು ಒರೆಸುತ್ತಿದ್ದರು. ಒರೆಸಿದ ಬಟ್ಟೆ ಕೆಂಪಾಗುತ್ತಿತ್ತು, ಹಿಂಡಿದ ನೀರು ಕೆಂಪಾಗುತ್ತಿತ್ತು, ಒಂದು ತಾಸಿನಲ್ಲಿ ಪ್ರಿಂಟರೂ ಮತ್ತೆ ಕೆಂಪಾಗುತ್ತಿತ್ತು.

ಆ ಧೂಳು ತಾಕದ ಪ್ರಿಂಟರ್ ನಮ್ಮಲ್ಲಿ ಒಂದೇ ಇತ್ತು. ಇತ್ತು ಅನ್ನಬೇಕೋ ಇರಲಿಲ್ಲ ಅನ್ನಬೇಕೋ ನನಗೆ ಈಗಲೂ ತಿಳಿಯದು. ಪ್ರಿಂಟ್ ಕೊಡುವಾಗ ಪರದೆಯ ಮೇಲೆ ಎಲ್ಲ ಪ್ರಿಂಟರುಗಳ ಹೆಸರು ಬರುತ್ತವಲ್ಲ, ಅದರಲ್ಲಿ ಇಮೇಜ್ ಪ್ರಿಂಟರ್ ಅಂತ ಒಂದು ಹೆಸರಿತ್ತು. ಅದಕ್ಕೆ ವೈರಿಲ್ಲ, ಇಂಕಿಲ್ಲ, ಮೇಜಿನ ಮೇಲೆ ಜಾಗವಿಲ್ಲ. ಪುಟವನ್ನು ಅದಕ್ಕೆ ಕೊಟ್ಟರೆ ಕಾಗದ ಬರುತ್ತಿರಲಿಲ್ಲ. ಆ ಪುಟದ ಚಿತ್ರವೊಂದು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಬಂದು ಕೂರುತ್ತಿತ್ತು. ಅತ್ತೆ ಹೋದ ಮೇಲೆ, ಶ್ರಾವಣದಲ್ಲಿ, ಬಳ್ಳಾರಿಯವನೊಬ್ಬ ಬಂದು ಆ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ.

ಅದು ಯಾಕೆ ಬೇಕಾಯಿತೆಂದರೆ, ಆ ಕಾಲದ ಕನ್ನಡ ಅಕ್ಷರಗಳು ಊರು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಮುತ್ತಿನಂತೆ ಕಾಣುತ್ತಿದ್ದ ಕನ್ನಡ ಬೇರೆ ಕಂಪ್ಯೂಟರಿಗೆ ಹೋದರೆ ಇರುವೆ ಚೆಲ್ಲಿದಂತೆ ಆಗುತ್ತಿತ್ತು. ಒಬ್ಬರ ಗೃಹಪ್ರವೇಶದ ಜಾಹೀರಾತನ್ನು ಪತ್ರಿಕೆಯವರು ಹಾಗೆಯೇ ಅಚ್ಚು ಮಾಡಿದ್ದರಿಂದ, ಬಂಧುಗಳು ಯಾವ ಊರಿಗೆ ಬರಬೇಕೆಂದು ತಿಳಿಯದೆ ಫೋನಿನ ಮೇಲೆ ಫೋನು ಮಾಡಿದ್ದರು. ಅದಾದ ಮೇಲೆ ಪತ್ರಿಕೆಯವರು, ಏನೇ ಇದ್ದರೂ ಚಿತ್ರ ಮಾಡಿಯೇ ಕಳಿಸಿ ಎಂದು ಕಟ್ಟುನಿಟ್ಟು ಮಾಡಿದ್ದರು. ಚಿತ್ರವಾದರೆ ಅಕ್ಷರ ಅಲುಗಾಡುವುದಿಲ್ಲ.

ನನಗೆ ಆ ಪ್ರಿಂಟರಿನ ಮೇಲೆ ಎಂಥದೋ ಮೋಹ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಫ್ಯಾನಿನ ಕೆಳಗೆ ಕೂತು ಅದು ಎಲ್ಲಿರಬಹುದು ಎಂದು ಯೋಚಿಸುತ್ತಿದ್ದೆ. ಒಂದು ಬೆಳ್ಳನೆಯ ಕೋಣೆ ಕಣ್ಣಿಗೆ ಬರುತ್ತಿತ್ತು. ಅಲ್ಲಿ ಲಾರಿಯ ಸದ್ದಿಲ್ಲ, ಧೂಳಿಲ್ಲ. ಯಾರೋ ಒಬ್ಬರು ನಾವು ಕಳಿಸಿದ ಪುಟವನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೆಗೆದು, ಸುಮ್ಮನೆ ನೋಡುತ್ತಾರೆ. ನೋಡಿದ್ದು ಹಾಗೆಯೇ ಚಿತ್ರವಾಗುತ್ತದೆ. ಹೊರಗೆ ಲಾರಿ ಹಾರ್ನ್ ಹೊಡೆದರೆ ಆ ಕೋಣೆ ಕರಗುತ್ತಿತ್ತು. ಮಾವ "ಎಲ್ಲಿಗೆ ಹೋಗಿದ್ದಿಯವ್ವಾ, ಹಂಪಿಗೇನು?" ಎಂದು ನಗುತ್ತಿದ್ದರು.

ಅತ್ತೆ ಹೋಗಿ ವರ್ಷ ತುಂಬುವ ಹಿಂದಿನ ದಿನದ ಮಾತು ಇದು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಾವ ಒಂದು ಪುಟ ಸಿದ್ಧ ಮಾಡಿದ್ದರು. ಪ್ರಥಮ ಪುಣ್ಯಸ್ಮರಣೆ. ಊರಿನವರಿಗೆಲ್ಲ ಇಂಥ ಪುಟ ಮಾಡಿಕೊಟ್ಟ ಕೈ ಅದು, ನಿದ್ದೆಗಣ್ಣಲ್ಲೂ ಮಾಡಬಲ್ಲರು. ಇದಕ್ಕೆ ಮಾತ್ರ ಯಾವಾಗ ಕೂತಿದ್ದರೋ, ಮೇಜಿನ ಮೇಲೆ ಚಹಾದ ಲೋಟಗಳು ಸಾಲಾಗಿ ನಿಂತಿದ್ದವು. ಪುಟದ ನಡುವೆ ಅತ್ತೆಯ ಫೋಟೊ. ಹಂಪಿಯಲ್ಲಿ ತೆಗೆಸಿದ್ದು, ಬಂಡೆಯ ಮೇಲೆ ಕೂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಕೆಳಗೆ ಎರಡೇ ಸಾಲು. ಅವರು ಬೇರೆಯವರಿಗೆ ಬರೆದುಕೊಡುತ್ತಿದ್ದ ಅಗಲಿಕೆ, ಅಮರ, ಚಿರಋಣಿ ಇಂಥ ಯಾವ ಪದವೂ ಇರಲಿಲ್ಲ. "ನೀ ಹೋಗಿ ಒಂದು ವರ್ಷವಾಯಿತು. ಅಂಗಡಿ ನಡೆದಿದೆ" ಎಂದಷ್ಟೇ ಇತ್ತು.

"ಚಂದ ಐತ್ರಿ ಮಾವಾ" ಅಂದೆ.

"ಚಂದ ಗಿಂದ ಇರ್ಲಿ. ಐದರೊಳಗ ಕಳಸಬೇಕು, ನಾಳಿ ಪೇಪರಿನಾಗ ಬರಬೇಕು. ಈ ಒಂದ್ ಕೆಲಸ ಆಕಿಗೆ ಸರಿಯಾಗಿ ಮಾಡಬೇಕವ್ವ ನಾ. ಚಿತ್ರ ಮಾಡು" ಅಂದರು.

ಮಾಡಿದೆ. ಅಂದರೆ ಇಮೇಜ್ ಪ್ರಿಂಟರ್ ಆರಿಸಿ ಪ್ರಿಂಟ್ ಒತ್ತಿದೆ. ಹಸಿರು ಪಟ್ಟಿ ಓಡಿತು, ಮಾಯವಾಯಿತು. ಫೋಲ್ಡರ್ ತೆರೆದರೆ ಖಾಲಿ. ಮತ್ತೆ ಒತ್ತಿದೆ. ಮತ್ತೆ ಪಟ್ಟಿ ಓಡಿತು, ಮತ್ತೆ ಖಾಲಿ. ತಪ್ಪಾಗಿದೆ ಎಂದೂ ಹೇಳಲಿಲ್ಲ, ಸರಿಯಾಗಿದೆ ಎಂದೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದು ಒಳಗೆ ಹೋದವರ ಹಾಗೆ ಅದು ನಡೆದುಕೊಂಡಿತು.

ದಸರಾದ ಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಬಂದ ಕೆಲಸವೆಲ್ಲ ಜೆರಾಕ್ಸು, ಲ್ಯಾಮಿನೇಷನ್ನು. ಇದನ್ನು ಯಾರೂ ಮುಟ್ಟಿರಲಿಲ್ಲ. ನಾನು ಎಲ್ಲಿಯಾದರೂ ಬೇರೆ ಕಡೆ ಚಿತ್ರ ಕೂತಿದೆಯೇನೋ ಎಂದು ಇಡೀ ಕಂಪ್ಯೂಟರನ್ನು ಹುಡುಕಿದೆ. ಜಾಗ ತುಂಬಿದೆಯೇ ಎಂದು ನೋಡಿದೆ, ತುಂಬಿರಲಿಲ್ಲ. ವೈರಸ್ ತಡೆಯುವ ಸಾಫ್ಟ್‌ವೇರನ್ನು ಆಫ್ ಮಾಡಿ ನೋಡಿದೆ. ಪುಟದ ಅಳತೆ ಬದಲಿಸಿದೆ. ಪ್ರಿಂಟಿಗೆ ಕಾದು ನಿಂತ ಪುಟಗಳ ಸಾಲನ್ನು ತೆರೆದರೆ, ನಾನು ಒತ್ತಿದ್ದೆಲ್ಲ ಅಲ್ಲಿ ಒಂದರ ಹಿಂದೆ ಒಂದು ನಿಂತಿತ್ತು. ಅಳಿಸಲು ಹೋದರೆ ಅಳಿಯಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಿದರೂ ಅವು ಜಪ್ಪಯ್ಯ ಎನ್ನದೆ ಅಲ್ಲೇ ನಿಂತಿದ್ದವು.

ಬಳ್ಳಾರಿಯವನಿಗೆ ಫೋನ್ ಮಾಡಿದೆ. "ಒಮ್ಮಿ ರೀಸ್ಟಾರ್ಟ್ ಮಾಡ್ರಿ ಮೇಡಂ" ಅಂದ. ಮಾಡಿಯಾಯಿತು ಅಂದೆ. "ಇನ್ನೊಮ್ಮಿ ಮಾಡ್ರಿ" ಅಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ನೀವ ಬಂದು ಮಾಡ್ರಿ" ಅಂದೆ. ನಾಳೆ ಬರುತ್ತೇನೆ ಎಂದು ಇಟ್ಟುಬಿಟ್ಟ. ಸಾಫ್ಟ್‌ವೇರಿನ ಸಿಡಿ ಅವನ ಬಳಿಯೇ ಇತ್ತು, ತೆಗೆದು ಹೊಸದಾಗಿ ಹಾಕುವ ದಾರಿಯೂ ಇರಲಿಲ್ಲ.

ಹೋಗಲಿ ಎಂದು ಪುಟವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಲು ನೋಡಿದೆವು. ಕಾಗದ ಬಂತು. ಅದಿರಿನ ಧೂಳು ಹೊಕ್ಕ ರೋಲರು ಅತ್ತೆಯ ಹಣೆಯಿಂದ ಗದ್ದದವರೆಗೆ ಕೆಂಪಗೆ ಒಂದು ಗೆರೆ ಎಳೆದಿತ್ತು. ಇನ್ನೊಂದು ತೆಗೆದರೆ ಗೆರೆ ಕೆನ್ನೆಗೆ ಸರಿಯಿತು. ಮಾವ ಆ ಕಾಗದಗಳನ್ನು ಹರಿಯಲಿಲ್ಲ, ಬುಟ್ಟಿಗೂ ಹಾಕಲಿಲ್ಲ. ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ಇದು ಬ್ಯಾಡ" ಅಂದರು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕಿರುಚತೊಡಗಿತು, ಕಂಪ್ಯೂಟರ್ ಬಂದ್ ಮಾಡಬೇಕಾಯಿತು. ಫ್ಯಾನು ಮೆಲ್ಲಗೆ ತಿರುಗಿ ತಿರುಗಿ ನಿಂತಿತು. ಹೊರಗಿನ ಬಿಸಿಲು ಧೂಳಿನೊಳಗಿಂದ ಸೋಸಿ ಬಂದು ಅಂಗಡಿಯ ತುಂಬ ತೆಳ್ಳಗೆ ಕೆಂಪಾದ ಬೆಳಕು ತುಂಬಿತು. ಲಾರಿಗಳು ಎಲ್ಲೋ ಸಾಲುಗಟ್ಟಿ ನಿಂತಿರಬೇಕು, ಸದ್ದೂ ಇರಲಿಲ್ಲ. ಆ ಬೆಳಕಿನಲ್ಲಿ ಮಾವ, ಕತ್ತರಿಸುವ ಮಷೀನು, ಗೋಡೆಯ ಮೇಲಿನ ಮದುವೆ ಕಾರ್ಡುಗಳು, ನಾನು, ಎಲ್ಲ ಹಳೆಯ ಫೋಟೊವೊಂದರಲ್ಲಿ ಕೂತಿದ್ದೇವೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ನನಗೆ ಮತ್ತೆ ಆ ಬಿಳಿ ಕೋಣೆ ಕಣ್ಣಿಗೆ ಬಂತು. ಈ ಸಲ ಅಲ್ಲಿ ಪುಟ ಹಾಸಿಕೊಂಡು ಕೂತವರು ಅತ್ತೆಯೇ ಆಗಿದ್ದರು. ಅವರು ತಮ್ಮ ಪುಟವನ್ನು ನೋಡುತ್ತಿದ್ದರು, ಆದರೆ ಚಿತ್ರ ಮಾಡಿ ಕೊಡುತ್ತಿರಲಿಲ್ಲ.

"ಬಿಡವ್ವ" ಅಂದರು ಮಾವ, ತುಂಬ ಮೆತ್ತಗೆ. "ಆಕಿಗ ಮನಸಿಲ್ಲ. ಫೋಟೊ ತಗಸ್ಕೊ ಅಂದ್ರ ಮೊದಲಿಂದನೂ ಬ್ಯಾಡ ಅನ್ನಾಕಿ. ಊರ ಮಂದಿಗೆಲ್ಲ ತೋರ್ಸಬ್ಯಾಡ ಅಂತಾಳ. ಪೇಪರಿನವರಿಗೆ ಫೋನ್ ಮಾಡಿ ಇಲ್ಲಂತ ಹೇಳಿಬಿಡು."

ನಾನು ಒಂದು ಕ್ಷಣ ಮೊದಲು ಅದೇ ಕನಸು ಕಾಣುತ್ತಿದ್ದವಳು. ಆದರೂ ಮಾವನ ಬಾಯಿಂದ ಅದನ್ನು ಕೇಳಿದಾಗ ಮೈ ಉರಿದುಹೋಯಿತು. ಒಂದು ವರ್ಷ ಬಾಯಿಬಿಡದೆ ಧೂಳು ಒರೆಸಿದ ಮನುಷ್ಯ, ಈಗ ಎರಡು ಸಾಲು ಬರೆದಿದ್ದಾರೆ. ಅದನ್ನೂ ನುಂಗಿಕೊಂಡರೆ ಇನ್ನು ಜನ್ಮದಲ್ಲಿ ಬರೆಯುವುದಿಲ್ಲ. ಹೆದರಿಕೆಯಾಯಿತು ನನಗೆ. ಹೆದರಿಕೆಯಾದರೆ ನಾನು ಬೈಯುತ್ತೇನೆ.

"ಅತ್ತಿ ಯಾಕ ಬ್ಯಾಡ ಅಂತಾರ್ರಿ? ಅವರಿಗೇನು ಬ್ಯಾರೆ ಕೆಲಸಿಲ್ಲೇನು, ಬಂದು ನಮ್ಮ ಸಾಫ್ಟ್‌ವೇರ್ ಕೆಡಸಾಕ? ಇದು ಕಂಪ್ಯೂಟರ್ರೀ ಮಾವಾ. ಎಲ್ಲೋ ಏನೋ ಒಂದು ತಪ್ಪೈತಿ. ಸುಮ್ಮ ಕುಂದ್ರಿ ನೀವು."

ಅವರು ಸುಮ್ಮನೆ ಕೂತರು. ಅದೂ ನನಗೆ ಸಂಕಟವಾಯಿತು.

ಕರೆಂಟು ಬರುವ ಹೊತ್ತಿಗೆ ನಾಲ್ಕು ದಾಟಿತ್ತು. ಕಂಪ್ಯೂಟರ್ ಶುರುವಾಗಿ ಪುಟ ತೆರೆದುಕೊಂಡಿತು. ನಾನು ನೀರು ಕುಡಿಯಲು ಎದ್ದಾಗ, ಬಿಡವ್ವ ಅಂದಿದ್ದ ಮಾವ ತಾವೇ ಮೌಸ್ ಹಿಡಿದು ಪ್ರಿಂಟ್ ಒತ್ತಿದರು. ಪಟ್ಟಿ ಓಡಿತು. ಫೋಲ್ಡರ್ ನೋಡಿದರು. ಮತ್ತೆ ಒತ್ತಿದರು. ಮುಚ್ಚಿದ ಬಾಗಿಲು ತಟ್ಟುವವರ ಹಾಗೆ, ಒತ್ತುತ್ತಲೇ ಹೋದರು. ನಾನು ಲೋಟ ಹಿಡಿದು ಹಿಂದೆ ನಿಂತಿದ್ದೆ.

ಆಮೇಲೆ ಅವರನ್ನು ಪಕ್ಕಕ್ಕೆ ಸರಿಸಿ ಆ ಪ್ರಿಂಟರಿನ ಸೆಟ್ಟಿಂಗ್ ತೆರೆದೆ. ಬೆಳಿಗ್ಗೆಯೂ ತೆರೆದಿದ್ದೆ, ಆದರೆ ಸಿಟ್ಟಿನಲ್ಲಿ ಮೇಲಿಂದ ಮೇಲೆ ನೋಡಿದ್ದೆ. ಈಗ ಮನೆಯ ಕೋಣೆಗಳಲ್ಲಿ ಓಡಾಡಿದಂತೆ ಒಂದೊಂದನ್ನೇ ನಿಧಾನವಾಗಿ ನೋಡಿದೆ. ಚಿತ್ರ ಯಾವ ಬಗೆಯದು, ಸರಿ. ಎಷ್ಟು ದೊಡ್ಡದು, ಸರಿ. ಯಾವ ಫೋಲ್ಡರಿಗೆ ಹೋಗಬೇಕು, ಸರಿ. ಕೊನೆಗೆ ಒಂದು ಸಣ್ಣ ಚೌಕ: ಚಿತ್ರಗಳ ಹೆಸರು ಯಾವುದರಿಂದ ಶುರುವಾಗಬೇಕು. ಬಳ್ಳಾರಿಯವನು ಅದನ್ನು ಖಾಲಿ ಬಿಟ್ಟು ಹೋಗಿದ್ದ. ಈಗ ಖಾಲಿ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದು ಬರೆದು, ಕಾರ್ಡಿನ ನೆತ್ತಿಯ ಮೇಲೆ ಹಾಕುವಂತೆ ಆ ಕಡೆ ಎರಡು, ಈ ಕಡೆ ಎರಡು ನೆಟ್ಟನೆಯ ಗೆರೆ ಹಾಕಲಾಗಿತ್ತು.

|| Shri ||

ನನಗೆ ತಕ್ಷಣ ತಿಳಿಯಿತು. ಫೈಲಿನ ಹೆಸರಿನಲ್ಲಿ ಕೆಲವು ಗುರುತುಗಳನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಆ ನೆಟ್ಟಗೆರೆ ಅವುಗಳಲ್ಲಿ ಒಂದು. ಹೆಸರೇ ಇಡಲಾಗದ ಚಿತ್ರವನ್ನು ಅದು ಎಲ್ಲಿ ಇಟ್ಟೀತು? ಪಾಪ, ಬಾಯಿಲ್ಲದ ಪ್ರಿಂಟರ್, ಹೇಳಲೂ ಬಾರದೆ ಪುಟಗಳನ್ನು ಹಿಡಿದುಕೊಂಡು ನಿಂತಿತ್ತು.

"ಇದನ್ನ ಯಾರ್ರೀ ಬರದವರು?" ಅಂದೆ. ಅಂಗಡಿಯಲ್ಲಿದ್ದವರೇ ಇಬ್ಬರು.

ಮಾವ ಪರದೆ ನೋಡಿದರು.

"ಆಯುಧ ಪೂಜಿ ದಿನ" ಅಂದರು. "ವರ್ಷ ತುಂಬಿಲ್ಲ, ಮನ್ಯಾಗ ಹಬ್ಬ ಮಾಡಂಗಿಲ್ಲ. ಖರೆ. ಆದ್ರ ಮಷೀನಿಗೆ ಯಾವ ಸೂತಕ? ಅದಕ್ಕ ನೀವೆಲ್ಲಾ ಹಬ್ಬಕ್ಕ ಊರಾಗಿದ್ದಾಗ ನಾ ಒಬ್ಬನ ಬಂದೆ. ಆಕಿ ಹೆಂಗ ಮಾಡ್ತಿದ್ಲು ನೋಡಿದ್ನಲ್ಲ. ಕತ್ತರಿ, ಸ್ಟೇಪ್ಲರ್ ಸೈತ ಬಿಡ್ತಿರ್ಲಿಲ್ಲ. ಹಂಗ ಎಲ್ಲಾದಕ್ಕೂ ಇಬತ್ತಿ ಹಚ್ಚಿದೆ, ಕುಂಕುಮ ಹಚ್ಚಿದೆ, ಚೆಂಡುಹೂವ ಏರಿಸಿದೆ. ಎಲ್ಲಾ ಮುಗದ ಮ್ಯಾಲೆ ಇದರ ನೆನಪಾತು. ಇದಕ್ಕ ಎಲ್ಲಿ ಹಚ್ಚಲಿ? ಮೈಯ ಇಲ್ಲಲ್ಲ ಇದಕ್ಕ."

ನಾನು ಮೌಸಿನಿಂದ ಕೈ ತೆಗೆದೆ.

"ಹೊಸಾದು ಬ್ಯಾರೆ. ಆಕಿ ಇದ್ದಿದ್ರ ಹೊಸಾದಕ್ಕ ಮೊದಲ ಪೂಜಿ ಮಾಡ್ತಿದ್ಲು. ಬಿಟ್ರ ಬೈತಾಳ ಅನ್ನಿಸ್ತು. ಒಳಗ ಹುಡುಕಿದೆ, ಒಂದ್ ಖಾಲಿ ಚೌಕ ಸಿಕ್ತು. ಅಲ್ಲಿ ಬರದು, ಪರದೆಗೆ ಊದಿನಕಡ್ಡಿ ಬೆಳಗಿದೆ."

ಇಡೀ ಲೋಕದಲ್ಲಿ ಒಂದು ಸಾಫ್ಟ್‌ವೇರ್ ಹೀಗೆ ಕೆಟ್ಟಿರಲಿಕ್ಕಿಲ್ಲ. ನಗು ಬಂತು, ನಗುವ ಮೊದಲೇ ಕಣ್ಣು ತುಂಬಿತು. ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗುತ್ತ ಅಲ್ಲಿ ಒಬ್ಬರೇ ನಿಂತಿದ್ದ ಮಾವ ಕಣ್ಣ ಮುಂದೆ ಬಂದರು. ಅವರ ಮೇಲೆ ಅಷ್ಟು ಪ್ರೀತಿ ಅದಕ್ಕೂ ಮೊದಲು ನನಗೆ ಬಂದಿರಲಿಲ್ಲ.

"ಅಳಸಬೇಕೇನು?" ಎಂದು ಕೇಳಿದರು.

"ಶ್ರೀ ಇರ್ಲಿ ಬಿಡ್ರಿ. ಅದೇನೂ ಮಾಡಿಲ್ಲ. ಗೆರಿ ಅಷ್ಟ ತಗೀತೀನಿ."

ಎರಡು ಕಡೆಯ ಗೆರೆಗಳನ್ನು ಅಳಿಸಿದೆ. ಸರಿ ಎಂಬುದನ್ನು ಒತ್ತಿದೆ. ಮತ್ತೆ ಪ್ರಿಂಟ್ ಕೊಡಬೇಕೆಂದು ಫೋಲ್ಡರನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೆ. ಕೊಡುವ ಅಗತ್ಯವೇ ಬರಲಿಲ್ಲ.

ಖಾಲಿ ಫೋಲ್ಡರಿನ ಮೂಲೆಯಲ್ಲಿ ಒಂದು ಚಿತ್ರ ಮೂಡಿತು. ಸಣ್ಣದಾಗಿ ಅತ್ತೆಯ ಮುಖ, ಅದರ ಕೆಳಗೆ ಶ್ರೀ ಒಂದು. ಅದರ ಪಕ್ಕದಲ್ಲಿ ಇನ್ನೊಂದು, ಶ್ರೀ ಎರಡು. ಆಮೇಲೆ ಇನ್ನೊಂದು. ಬೆಳಗಿನಿಂದ ನಾನು ಒತ್ತಿದ್ದು, ಮಾವ ಒತ್ತಿದ್ದು, ಸಾಲಿನಲ್ಲಿ ಕಾದು ನಿಂತಿದ್ದ ಪುಟಗಳೆಲ್ಲ ಒಂದೊಂದಾಗಿ ಬರತೊಡಗಿದವು. ಒಂದು ಸಾಲು ತುಂಬಿತು, ಕೆಳಗಿನ ಸಾಲು ಶುರುವಾಯಿತು. ಬಂಡೆಯ ಮೇಲೆ ಕೂತ ಅತ್ತೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಅತ್ತೆ, ಮತ್ತೆ ಅತ್ತೆ, ಮತ್ತೆ ಅತ್ತೆ. ಯಾವ ಮುಖದ ಮೇಲೂ ಕೆಂಪು ಗೆರೆಯಿರಲಿಲ್ಲ. ಪರದೆ ತುಂಬಿ, ಇನ್ನೂ ಬರುತ್ತಲೇ ಇದ್ದರು.

ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಬ್ಯಾಡ ಅಂದಾಕಿ ಹಿಂಗ ಬರ್ತಾಳೇನು?" ಅಂದರು. ಅಂದವರೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಬಾಯಿ ಬಿಟ್ಟು, ಮಕ್ಕಳ ಹಾಗೆ ಅತ್ತರು. ಜೆರಾಕ್ಸ್ ಮಾಡಿಸಲು ಬಂದ ಇಬ್ಬರು ಬಾಗಿಲಲ್ಲೇ ನಿಂತರು. ನಾನು ಹೋಗಿ, ಮಷೀನು ಕೆಟ್ಟಿದೆ ಎಂದು ಹೇಳಿ ಅವರನ್ನು ಕಳಿಸಿ, ಬಾಗಿಲು ಅರ್ಧ ಎಳೆದುಕೊಂಡು ಬಂದೆ.

ಪತ್ರಿಕೆಯವರ ಫೋನು ಬಂತು, ಕಳಿಸುತ್ತೀರೋ ಇಲ್ಲವೋ ಎಂದು. ಈಗಲೇ ಎಂದೆ. ಮಾವ ಕಣ್ಣೊರೆಸಿಕೊಂಡು ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಮುಚ್ಚಿದರು. ಎರಡನೆಯದನ್ನು ತೆರೆದರು, ಕತ್ತು ಒಂದು ಕಡೆ ವಾಲಿಸಿ ನೋಡಿದರು, ಮುಚ್ಚಿದರು. ಮದುವೆ ಸೀರೆ ಆರಿಸುವವರ ಹಾಗೆ ಒಂದೊಂದನ್ನೇ, ಅವಸರವಿಲ್ಲದೆ. ಗೋಡೆಯ ಗಡಿಯಾರ ಐದರ ಹತ್ತಿರ ಬಂದಿತ್ತು. ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ.

ಯಾವುದೋ ಒಂದರ ಮುಂದೆ ಅವರ ಕೈ ನಿಂತಿತು.

"ಇದು ಕಳಸು" ಅಂದರು. "ಇದ್ರಾಗ ನನ್ನ ಕಡೆ ನೋಡ್ಯಾಳ."

ಎಲ್ಲವೂ ಒಂದೇ ಎಂದು ನಾನು ಹೇಳಲಿಲ್ಲ. ಅವರು ತೋರಿಸಿದ್ದನ್ನೇ ಕಳಿಸಿದೆ.